ಮನೆಯೊಂದು, ಬಾಗಿಲು ಮೂರು: ಅಲೆಕ್ಸಾಂಡರ್ ಸತ್ತ ಮೇಲೆ ಏನಾಯಿತು?

ಪ್ರಶ್ನೆ: ಅಲೆಕ್ಸಾಂಡರ್ ಹತ್ತು ಹನ್ನೆರಡು ವರ್ಷದಲ್ಲಿ ಗ್ರೀಸಿನಿಂದ ಪಂಜಾಬಿನ ತನಕ ಗೆದ್ದ ಅಂತ ಶಾಲೆಯಲ್ಲಿ ಓದಿದ್ದೇವೆ. ಸತ್ತ ಕೂಡಲೇ ಆ ಸಾಮ್ರಾಜ್ಯ ಚೂರುಚೂರಾಯಿತು ಅಂತಲೂ ಓದಿದ್ದೇವೆ. ಅಷ್ಟು ದೊಡ್ಡದನ್ನು ಕಟ್ಟಿದವನು ತನ್ನ ನಂತರ ಯಾರು ಅಂತ ಯೋಚನೆ ಮಾಡಿರಲಿಲ್ಲವೇ? ಮಗ ಇರಲಿಲ್ಲವೇ? ಅವನ ಸೇನಾಪತಿಗಳಲ್ಲಿ ಒಬ್ಬನಿಗಾದರೂ ಇಡೀ ರಾಜ್ಯ ಹಿಡಿದಿಟ್ಟುಕೊಳ್ಳಲು ಯಾಕೆ ಆಗಲಿಲ್ಲ? ಇನ್ನೊಂದು, ‘ಶವಪೆಟ್ಟಿಗೆಯಿಂದ ನನ್ನ ಖಾಲಿ ಕೈ ಹೊರಗಿಡಿ’ ಅಂದಿದ್ದನಂತೆ, ನಿಜವೇ?

ಉತ್ತರ: ಮೊದಲು ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ಸರಿ ಮಾಡಿಕೊಳ್ಳೋಣ. ಸತ್ತ ಕೂಡಲೇ ಚೂರಾಗಲಿಲ್ಲ. ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಕಣ್ಣು ಮುಚ್ಚಿದ್ದು ಕ್ರಿ.ಪೂ. 323ರ ಜೂನ್‌ನಲ್ಲಿ. ಪಾಲಿಗಾಗಿ ಹೊಡೆದಾಡಿದ ಸೇನಾಪತಿಗಳಲ್ಲಿ ಕೊನೆಯವನು ಸತ್ತದ್ದು 281ರಲ್ಲಿ. ಅಂದರೆ 42 ವರ್ಷದ ಜಗಳ. ಅಲೆಕ್ಸಾಂಡರ್ ಬದುಕಿದ್ದೇ 32 ವರ್ಷ! ಅದರಲ್ಲೂ ಮೊದಲ 17 ವರ್ಷ ಈ ಸೇನಾಪತಿಗಳಲ್ಲಿ ಒಬ್ಬನೂ ‘ನಾನೇ ರಾಜ’ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರೂ ರಾಜಮನೆತನದ ಹೆಸರಲ್ಲೇ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದರು.

ಎರಡನೆಯದು, ‘ಕಟ್ಟಿದ’ ಅನ್ನುವ ಮಾತು. ನನಗೆ ಅದು ಒಪ್ಪಿಗೆ ಇಲ್ಲ. ಗೆದ್ದ ಅನ್ನಿ, ಸರಿ. ಆ ಸಾಮ್ರಾಜ್ಯವನ್ನು ಕಟ್ಟಿದ್ದು ಪರ್ಶಿಯಾದವರು, ಅವನಿಗಿಂತ 200 ವರ್ಷ ಮೊದಲು. ರಸ್ತೆ, ಟಪಾಲು, ಕಂದಾಯ, ಪ್ರಾಂತಕ್ಕೊಬ್ಬ ಅಧಿಕಾರಿ ಎಲ್ಲ ಮೊದಲೇ ಇತ್ತು. ಆ ಅಧಿಕಾರಿಗೆ ಸತ್ರಪ ಅಂತ ಹೆಸರು. ನಮ್ಮ ಪಠ್ಯಪುಸ್ತಕದಲ್ಲಿ ‘ಕ್ಷತ್ರಪ’ ಅಂತ ಬರುತ್ತದಲ್ಲ, ಅದೇ ಪದ. ಅಲೆಕ್ಸಾಂಡರ್ ಇನ್ನೊಬ್ಬರು ಕಟ್ಟಿದ ಮನೆಗೆ ಬೀಗ ಒಡೆದು ಹೊಕ್ಕವನು. ಹೊಕ್ಕ ಮೇಲೆ ಮನೆ ನಡೆಸಲು ಅವನಿಗೆ ಸಿಕ್ಕಿದ್ದು ಏಳೆಂಟು ವರ್ಷ, ಅದರಲ್ಲಿ ಮುಕ್ಕಾಲು ಪಾಲು ಇನ್ನೊಂದು ಮನೆಯ ಬೀಗ ಒಡೆಯುವುದರಲ್ಲೇ ಹೋಯಿತು.

ಒಡೆಯುವ ಹಾರೆಯೂ ಅವನದಲ್ಲ, ಅಪ್ಪನದು. ಮಗನ ಹೆಸರಿನ ಮುಂದೆ ಅಪ್ಪ ಫಿಲಿಪ್ ಮಂಕಾಗಿಬಿಟ್ಟಿದ್ದಾನೆ, ಅದು ಅನ್ಯಾಯ. ಕ್ರಿ.ಪೂ. 359ರಲ್ಲಿ ಅವನ ಕೈಗೆ ಬಂದ, ಗ್ರೀಸಿನ ಉತ್ತರಕ್ಕಿರುವ ಮ್ಯಾಸಿಡೋನಿಯ, ಸುತ್ತಲಿನವರೆಲ್ಲ ಕೊಳ್ಳೆ ಹೊಡೆಯುತ್ತಿದ್ದ ಬಡ ಗುಡ್ಡಗಾಡು. ಅವನು ಮಾಡಿದ್ದು ಸರಳ. ಕಾಲಾಳುಗಳ ಕೈಗೆ ಐದಾರು ಮೀಟರ್ ಉದ್ದದ ಈಟಿ ಕೊಟ್ಟ. ಸೈನ್ಯದ ಹಿಂದೆ ಬರುವ ಗಾಡಿಗಳನ್ನು ನಿಲ್ಲಿಸಿದ. ಹತ್ತು ಜನಕ್ಕೆ ಒಬ್ಬನೇ ಆಳು, ಮೂವತ್ತು ದಿನದ ಹಿಟ್ಟು ನಿಮ್ಮ ಬೆನ್ನ ಮೇಲೆ ನೀವೇ ಹೊರಬೇಕು ಅಂದ. ಉಳಿದವರ ಸೈನ್ಯ ಎತ್ತಿನ ನಡಿಗೆಯಲ್ಲಿ ಹೋದರೆ ಇವನದು ಮನುಷ್ಯರ ನಡಿಗೆಯಲ್ಲಿ ಹೋಗುತ್ತಿತ್ತು. ಪಕ್ಕದ ಬೆಟ್ಟದ ಚಿನ್ನದ ಗಣಿಯನ್ನು ಹಿಡಿದು ಸೈನಿಕರಿಗೆ ವರ್ಷಪೂರ್ತಿ ಸಂಬಳ ಕೊಟ್ಟ. 338ರಲ್ಲಿ ಕೈರೋನಿಯ ಯುದ್ಧದಲ್ಲಿ ಅಥೆನ್ಸ್, ಥೀಬ್ಸ್ ಎರಡನ್ನೂ ಸೋಲಿಸಿದ. ಪರ್ಶಿಯಾದ ಮೇಲೆ ಹೋಗಲು ಮೊದಲ ತುಕಡಿಯನ್ನೂ ಕಳಿಸಿದ್ದ. 336ರಲ್ಲಿ ಮಗಳ ಮದುವೆ ಸಂಭ್ರಮದ ಮಧ್ಯೆ ಅವನ ಅಂಗರಕ್ಷಕನೇ ಚುಚ್ಚಿ ಕೊಂದ.

ಆಗ ಅಲೆಕ್ಸಾಂಡರನಿಗೆ 20 ವರ್ಷ. ನಿಮ್ಮ ‘ಮಗ ಇರಲಿಲ್ಲವೇ’ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಗಮನಿಸಿ. ಪಟ್ಟಕ್ಕೆ ಬಂದವನೇ ದಾಯಾದಿ ಅಮಿಂಟಸ್‌ನನ್ನು ಕೊಲ್ಲಿಸಿದ. ಫಿಲಿಪ್‌ನ ಕೊನೆಯ ಹೆಂಡತಿಯ ಹಸುಗೂಸನ್ನು ಅಲೆಕ್ಸಾಂಡರನ ತಾಯಿ ಒಲಿಂಪಿಯಾಸ್ ಮುಗಿಸಿದಳು. ಮನೆಯಲ್ಲಿ ಉಳಿದ ಇನ್ನೊಬ್ಬ ಗಂಡಸು ಮಲತಾಯಿಯ ಮಗ ಅರ್ಹಿಡೇಯಸ್. ಅವನಿಗೆ ಬುದ್ಧಿ ಬೆಳೆದಿರಲಿಲ್ಲ, ಅದಕ್ಕೇ ಬದುಕಿಕೊಂಡ. ಇನ್ನೇನು ದಂಡು ಹೊರಡಬೇಕು ಅನ್ನುವಾಗ ಅಪ್ಪನ ಕಾಲದ ಇಬ್ಬರು ಹಿರಿಯರು, ಆಂಟಿಪೇಟರ್ ಮತ್ತು ಪಾರ್ಮೆನಿಯನ್, ‘ಮೊದಲು ಮದುವೆಯಾಗಿ ಒಂದು ಮಗು ಆಗಲಿ, ಆಮೇಲೆ ಹೋಗು’ ಅಂದರು. ಎಲ್ಲ ಸಿದ್ಧವಾಗಿ ನಿಂತಿರುವಾಗ ಮದುವೆ ಮಾಡಿಕೊಂಡು ಮಗು ಹುಟ್ಟಲಿ ಅಂತ ಕಾಯುತ್ತಾ ಕೂರುವುದು ನಾಚಿಕೆಗೇಡು ಅಂದುಬಿಟ್ಟ. ಅಂದರೆ ಯಾರೂ ಹೇಳಲಿಲ್ಲ ಅನ್ನುವ ಹಾಗಿಲ್ಲ. ಹೇಳಿದರು, ಇವನು ಕೇಳಲಿಲ್ಲ.

ಗೆದ್ದ ಕತೆ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. 334ರಲ್ಲಿ ಏಷ್ಯಾಕ್ಕೆ ದಾಟಿದಾಗ ಜೊತೆಗಿದ್ದದ್ದು 30 ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಕಾಲಾಳು, ಸುಮಾರು 5 ಸಾವಿರ ಕುದುರೆ, ಒಂದು ತಿಂಗಳ ಊಟ, ಮೈತುಂಬ ಸಾಲ. ಗ್ರಾನಿಕಸ್‌ನಲ್ಲಿ ಗೆದ್ದ. 333ರಲ್ಲಿ ಇಸ್ಸಸ್. ಟೈರ್ ಅನ್ನುವ ದ್ವೀಪದ ಊರನ್ನು ಹಿಡಿಯಲು ಸಮುದ್ರಕ್ಕೇ ಕಟ್ಟೆ ಹಾಕಿ ಏಳು ತಿಂಗಳು ಕೂತ. 331ರ ಅಕ್ಟೋಬರ್‌ನಲ್ಲಿ ಗಾಗಮೇಲದಲ್ಲಿ ಪರ್ಶಿಯಾದ ದೊರೆ ಡೇರಿಯಸ್‌ನ ಕತೆ ಮುಗಿದ ಹಾಗೆಯೇ ಆಯಿತು. ಪರ್ಸೆಪೊಲಿಸ್‌ನ ಖಜಾನೆಯಲ್ಲಿ ಸಿಕ್ಕಿದ್ದು 1,20,000 ಟ್ಯಾಲೆಂಟ್ ಅಂತ ಹಳೆಯ ಗ್ರೀಕ್ ಚರಿತ್ರೆಕಾರ ಡಿಯೊಡೊರಸ್ ಬರೆಯುತ್ತಾನೆ. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ ಬೆಳ್ಳಿಯ ಬೆಲೆ, ನೀವೇ ಗುಣಿಸಿಕೊಳ್ಳಿ. ಅದನ್ನು ಸಾಗಿಸಲು ಹತ್ತು ಸಾವಿರ ಜೋಡಿ ಹೇಸರಗತ್ತೆ, ಐದು ಸಾವಿರ ಒಂಟೆ ಬೇಕಾಯಿತು ಅಂತ ಪ್ಲೂಟಾರ್ಕ್ ಲೆಕ್ಕ ಕೊಡುತ್ತಾನೆ. ಈ ದುಡ್ಡನ್ನು ನೆನಪಿಟ್ಟುಕೊಳ್ಳಿ. ಮುಂದೆ ಜಗಳಕ್ಕೆ ಸೌದೆ ಆಗುವುದು ಇಂಥ ಖಜಾನೆಗಳೇ.

ಆಳುವ ಏರ್ಪಾಡು ಏನು ಮಾಡಿದ? ಹೆಚ್ಚುಕಡಿಮೆ ಏನೂ ಇಲ್ಲ. ಇದ್ದವರನ್ನೇ ಇಟ್ಟುಕೊಂಡ. ಗಾಗಮೇಲದಲ್ಲಿ ತನ್ನ ವಿರುದ್ಧವೇ ಕಾದಾಡಿದ ಮಜೇಯಸ್‌ಗೆ ಬ್ಯಾಬಿಲೋನ್ ಕೊಟ್ಟ. ನಮ್ಮ ಕಡೆ ಪೋರಸ್‌ಗೆ ಅವನ ರಾಜ್ಯವನ್ನೇ ತಿರುಗಿ ಕೊಟ್ಟ, ಮೇಲೆ ಇನ್ನಷ್ಟು ಸೇರಿಸಿ ಕೊಟ್ಟ. ಇದನ್ನು ದೊಡ್ಡ ಮನಸ್ಸು ಅನ್ನುವವರಿದ್ದಾರೆ. ನನಗೆ ಅನಿಸುವುದು ಬೇರೆ, ಅವನಿಗೆ ಪುರುಸೊತ್ತು ಇರಲಿಲ್ಲ. ಭಾರತದಿಂದ ವಾಪಸ್ ಹೋಗಿ ನೋಡಿದರೆ, ‘ಇವನೆಲ್ಲಿ ಬದುಕಿ ಬರುತ್ತಾನೆ’ ಅಂದುಕೊಂಡು ಸತ್ರಪರು ತಮ್ಮದೇ ದರ್ಬಾರು ನಡೆಸುತ್ತಿದ್ದರು. ಸಾಲಾಗಿ ತಲೆ ತೆಗೆಸಿದ. ಅವನು ಎದುರಿಗಿದ್ದರೆ ರಾಜ್ಯ, ಬೆನ್ನು ತಿರುಗಿಸಿದರೆ ಯಾರ ಕೈಗೆ ಸಿಕ್ಕಿದ್ದು ಅವರಿಗೆ. ಅವನು ಇನ್ನೂ ಬದುಕಿರುವಾಗಲೇ ಈ ಸ್ಥಿತಿ.

ಇನ್ನು ಸಾವಿನ ದಿನಗಳು. ಸುಮಾರು ಹತ್ತು ಹನ್ನೆರಡು ದಿನದ ಜ್ವರ. ಅವನು ಆಗಲೇ ಸತ್ತಿದ್ದಾನೆ, ಮುಚ್ಚಿಡುತ್ತಿದ್ದಾರೆ ಅಂತ ಸೈನಿಕರಲ್ಲಿ ಗುಸುಗುಸು ಎದ್ದಿತು. ಅವರು ನುಗ್ಗಿ ಬಂದರು. ಒಬ್ಬೊಬ್ಬರಾಗಿ ಹಾಸಿಗೆ ಮುಂದೆ ಹಾದು ಹೋದರು. ಮಾತು ನಿಂತುಹೋಗಿತ್ತು. ಕಷ್ಟಪಟ್ಟು ತಲೆ ಎತ್ತಿ, ಕಣ್ಣಲ್ಲೇ ಪ್ರತಿಯೊಬ್ಬನನ್ನೂ ಮಾತಾಡಿಸಿದ ಅಂತ ಅರ್ರಿಯನ್ ಬರೆಯುತ್ತಾನೆ. ರಾಜ್ಯ ಯಾರಿಗೆ ಅಂತ ಕೇಳಿದ್ದಕ್ಕೆ ‘ಯಾರು ಎಲ್ಲರಿಗಿಂತ ಬಲಶಾಲಿಯೋ ಅವನಿಗೆ’ ಅಂದನಂತೆ. ನಿಜವಾಗಿ ಅಂದನೋ, ಆಮೇಲೆ ಯಾರಾದರೂ ಹೊಸೆದರೋ, ಅಂತೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿನ ಮಾತು. ಮುದ್ರೆಯುಂಗುರ ಪರ್ಡಿಕ್ಕಸ್ ಅನ್ನುವ ಸೇನಾಪತಿಯ ಕೈ ಸೇರಿತು.

ಹೆಂಡತಿ ರೊಕ್ಸಾನಾ ಆಗ ಬಸುರಿ. ಗಂಡೋ ಹೆಣ್ಣೋ ನೋಡೋಣ, ಅಲ್ಲಿಯ ತನಕ ಕಾಯೋಣ ಅಂದರು ಕುದುರೆ ಸೈನ್ಯದ ದೊಡ್ಡವರು. ಕಾಲಾಳುಗಳು ಒಪ್ಪಲಿಲ್ಲ. ಪರದೇಶದ ಹೆಂಗಸಿನ ಹೊಟ್ಟೆಯಲ್ಲಿರುವ ಕೂಸು ನಮಗೆ ರಾಜನೇ, ನಮ್ಮ ಫಿಲಿಪ್‌ನ ಮಗ ಇಲ್ಲೇ ಇದ್ದಾನಲ್ಲ ಅಂತ ಅರ್ಹಿಡೇಯಸ್‌ನನ್ನು ಎಳೆದು ತಂದು ಕೂರಿಸಿದರು. ಹೆಣ ಇನ್ನೂ ಅರಮನೆಯಲ್ಲೇ ಇದೆ, ಹೊರಗೆ ಎರಡು ಬಣ ಕತ್ತಿ ಹಿರಿದು ನಿಂತಿವೆ. ಕೊನೆಗೆ ರಾಜಿಯಾಯಿತು. ರೊಕ್ಸಾನಾಗೆ ಗಂಡುಮಗುವೇ ಹುಟ್ಟಿತು, ಇಬ್ಬರೂ ಜಂಟಿ ರಾಜರು ಅಂತ ತೀರ್ಮಾನ. ಒಬ್ಬನಿಗೆ ಬುದ್ಧಿ ಸಾಲದು, ಇನ್ನೊಬ್ಬ ತೊಟ್ಟಿಲಲ್ಲಿದ್ದಾನೆ. ಇಬ್ಬರೂ ಉತ್ಸವಮೂರ್ತಿಗಳೇ, ಹೊರುವವರ ಹೆಗಲೇ ಎಲ್ಲ. ರಾಜಿ ಆದ ಮೇಲೆ ಪರ್ಡಿಕ್ಕಸ್ ಮಾಡಿದ ಮೊದಲ ಕೆಲಸ, ಕಾಲಾಳುಗಳ ಕಡೆಯ ಮುಂದಾಳುಗಳನ್ನು ಇಡೀ ಸೈನ್ಯದ ಕಣ್ಣೆದುರೇ ಆನೆಗಳಿಂದ ತುಳಿಸಿದ್ದು.

ಆಮೇಲೆ ಪಾಲು. ಟಾಲೆಮಿಗೆ ಈಜಿಪ್ಟ್, ಲೈಸಿಮಾಕಸ್‌ಗೆ ಥ್ರೇಸ್, ಒಕ್ಕಣ್ಣ ಆಂಟಿಗೋನಸ್‌ಗೆ ಈಗಿನ ಟರ್ಕಿಯ ನಡುಭಾಗ, ಮ್ಯಾಸಿಡೋನಿಯ ಮುದುಕ ಆಂಟಿಪೇಟರ್ ಕೈಯಲ್ಲೇ. ಕಾಗದದ ಮೇಲೆ ಇವರೆಲ್ಲ ರಾಜರ ಹೆಸರಲ್ಲಿ ಆಳುವವರು. ಇವರಲ್ಲಿ ಟಾಲೆಮಿ ಒಬ್ಬನಿಗೇ ಮೊದಲ ದಿನದಿಂದ ತಲೆ ಸರಿಯಾಗಿ ಓಡಿತು ಅಂತ ನನ್ನ ಅಭಿಪ್ರಾಯ. ಇಡೀ ಆಸ್ತಿ ಯಾರಿಗೂ ದಕ್ಕುವುದಿಲ್ಲ, ನೀರಾವರಿ ಇರುವ ಒಂದು ತುಂಡು ಗಟ್ಟಿ ಮಾಡಿಕೊಂಡರೆ ಸಾಕು ಅಂತ ಅವನಿಗೆ ಹೊಳೆದಿತ್ತು.

ಅವನು ಹೆಣ ಕದ್ದ ಪ್ರಸಂಗ ಕೇಳಿ. ಅಲೆಕ್ಸಾಂಡರನ ಹೆಣದ ರಥ ಮಾಡಲು ಎರಡು ವರ್ಷ ಹಿಡಿಯಿತು. ಚಿನ್ನದ ಮೇಲ್ಛಾವಣಿ, ಎಳೆಯಲು 64 ಹೇಸರಗತ್ತೆ, ಪ್ರತಿಯೊಂದರ ಎರಡೂ ಕೆನ್ನೆಗೆ ಚಿನ್ನದ ಗಂಟೆ. ರಥ ಬರುವ ಸದ್ದಿಗೆ ದಾರಿಯ ಊರುಗಳವರೆಲ್ಲ ಓಡಿ ಬಂದು ನೋಡುತ್ತಿದ್ದರು. ಸತ್ತ ರಾಜನನ್ನು ಮಣ್ಣು ಮಾಡುವವನೇ ಮುಂದಿನ ರಾಜ ಅನ್ನುವುದು ಮ್ಯಾಸಿಡೋನಿಯದ ರೂಢಿ. ಅಪ್ಪನ ಕ್ರಿಯೆ ಮಾಡಿದವನಿಗೇ ಹಕ್ಕು ಅಂದ ಹಾಗೆ, ನಮಗೇನೂ ಹೊಸ ಮಾತಲ್ಲ ಅಲ್ವಾ? ರಥ ಸಿರಿಯಾ ತಲುಪಿದಾಗ ಟಾಲೆಮಿ ‘ಗೌರವ ಸಲ್ಲಿಸಲು’ ಅಂತ ಸೈನ್ಯದ ಜೊತೆಗೇ ಬಂದು ರಥವನ್ನು ಈಜಿಪ್ಟಿಗೆ ತಿರುಗಿಸಿಕೊಂಡು ಹೋದ.

ಪರ್ಡಿಕ್ಕಸ್‌ಗೆ ಉರಿಯಿತು. 321-320ರ ಹೊತ್ತಿಗೆ ದಂಡು ತೆಗೆದುಕೊಂಡು ನೈಲ್ ನದಿಗೆ ಬಂದ. ಮೆಂಫಿಸ್ ಹತ್ತಿರ ಹೊಳೆ ದಾಟಬೇಕು, ನೀರು ಗದ್ದದ ಮಟ್ಟ. ಸೆಳೆತ ಕಮ್ಮಿ ಆಗಲಿ ಅಂತ ಮೇಲುಗಡೆ ಆನೆಗಳನ್ನು ಸಾಲಾಗಿ ನಿಲ್ಲಿಸಿದ, ಕೊಚ್ಚಿ ಹೋದವರನ್ನು ಹಿಡಿಯಲು ಕೆಳಗಡೆ ಕುದುರೆ ನಿಲ್ಲಿಸಿದ. ಯೋಚನೆ ಚೆನ್ನಾಗಿತ್ತು. ಮೊದಲ ಗುಂಪು ದಾಟಿತು. ಆದರೆ ಆನೆ, ಕುದುರೆ, ಮನುಷ್ಯರು ತುಳಿದ ತುಳಿತಕ್ಕೆ ತಳದ ಮರಳು ಕದಲಿ ನೀರಿನ ಜೊತೆ ಹೋಗುತ್ತಾ ಇತ್ತು. ಹೊಳೆ ಕಾಲಡಿಯಲ್ಲೇ ಆಳ ಆಗುತ್ತಾ ಹೋಯಿತು. ಯಾಕೆ ಅಂತ ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಎರಡನೆಯ ಗುಂಪಿಗೆ ನೆಲ ಸಿಗಲಿಲ್ಲ. ದಾಟಿದವರು ಆ ದಡದಲ್ಲಿ ಸಿಕ್ಕಿಕೊಂಡರು, ವಾಪಸ್ ಬನ್ನಿ ಅಂದರೆ ಮುಳುಗಿದರು. 2 ಸಾವಿರಕ್ಕೂ ಜಾಸ್ತಿ ಜನ ಸತ್ತರು, ಅದರಲ್ಲಿ ಸಾವಿರ ಜನ ಮೊಸಳೆ ಬಾಯಿಗೆ ಹೋದರು ಅಂತ ಡಿಯೊಡೊರಸ್. ಅದೇ ರಾತ್ರಿ ಪರ್ಡಿಕ್ಕಸ್‌ನ ಸ್ವಂತ ಅಧಿಕಾರಿಗಳೇ ಅವನ ಡೇರೆಗೆ ನುಗ್ಗಿ ಮುಗಿಸಿದರು. ಟಾಲೆಮಿ ಮಾತ್ರ ತನ್ನ ದಡಕ್ಕೆ ಬಂದ ಹೆಣಗಳನ್ನು ಸುಟ್ಟು ಅಸ್ಥಿಯನ್ನು ಅವರವರ ಕಡೆಯವರಿಗೆ ಕಳಿಸಿದ.

ಮಾರನೆಯ ದಿನ ಆ ಸೈನ್ಯದ ಮುಂದೆ ಟಾಲೆಮಿ ಬಂದು ನಿಂತ. ಇಬ್ಬರು ರಾಜರ ಉಸ್ತುವಾರಿ, ಅಂದರೆ ಇಡೀ ಸಾಮ್ರಾಜ್ಯದ ಕೀಲಿಕೈ, ಆ ಹೊತ್ತಿಗೆ ಅವನು ಕೈ ಚಾಚಿದ್ದರೆ ಅವನದಾಗುತ್ತಿತ್ತು. ತೆಗೆದುಕೊಳ್ಳಲಿಲ್ಲ. ಇನ್ನಿಬ್ಬರ ಕೈಗೆ ಕೊಡಿಸಿ ಮನೆಗೆ ಹೋದ. ಸಾಮ್ರಾಜ್ಯ ಒಡೆದದ್ದು ಯಾವ ದಿನ ಅಂತ ಕೇಳಿದರೆ ನಾನು ಈ ದಿನವನ್ನೇ ತೋರಿಸುತ್ತೇನೆ. ಬೇಕು ಅಂದರೆ ಸಿಗುವ ಸಾಮ್ರಾಜ್ಯವನ್ನು ಅವರಲ್ಲೇ ಜಾಣನಾದವನು ಬೇಡ ಅಂದ ದಿನ.

ಹಾಗಂತ ಉಳಿಸಬೇಕು ಅಂದವರೇ ಇರಲಿಲ್ಲ ಅಂತಲ್ಲ. ಯೂಮೆನೆಸ್ ಇದ್ದ. ಅಲೆಕ್ಸಾಂಡರನ ಕಾರ್ಯದರ್ಶಿ, ಗ್ರೀಕನವನು, ಮ್ಯಾಸಿಡೋನಿಯದವನಲ್ಲ. ರಾಜರ ಪರವಾಗಿ ಹೋರಾಡಲು ಸೈನ್ಯ ಸಿಕ್ಕಿತು. ಆದರೆ ಮ್ಯಾಸಿಡೋನಿಯದ ಅಧಿಕಾರಿಗಳು ಈ ಬರವಣಿಗೆಯವನ ಡೇರೆಗೆ ಸಭೆಗೆ ಬರಲು ಒಪ್ಪಲಿಲ್ಲ, ಪ್ರತಿಷ್ಠೆ. ಅದಕ್ಕೆ ಅವನು ಮಾಡಿದ ಉಪಾಯ ನೋಡಿ. ಅಲೆಕ್ಸಾಂಡರ್ ಕನಸಲ್ಲಿ ಬಂದಿದ್ದ ಅಂದ. ಒಂದು ರಾಜಡೇರೆ ಹಾಕಿಸಿ, ಒಳಗೆ ಚಿನ್ನದ ಸಿಂಹಾಸನ ಇಟ್ಟು, ಅದರ ಮೇಲೆ ಕಿರೀಟ, ರಾಜದಂಡ ಇಟ್ಟ. ಎಲ್ಲರೂ ಬೆಳಿಗ್ಗೆ ಅಲ್ಲಿಗೆ ಬಂದು ಧೂಪ ಹಾಕಿ, ಖಾಲಿ ಸಿಂಹಾಸನಕ್ಕೆ ಕೈ ಮುಗಿದು, ಅದರ ಮುಂದೆ ಕೂತು ಮಾತಾಡಬೇಕು. ಭರತ ಪಾದುಕೆ ಇಟ್ಟು ರಾಜ್ಯ ನಡೆಸಿದ ಹಾಗೆಯೇ! ಹುಡುಗರಿಗೆ ಪಾಠ ಹೇಳುವಾಗ ಇಲ್ಲಿ ನಾನು ಯಾವಾಗಲೂ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಿದ್ದೆ, ಭರತನಿಗೂ ಇವನಿಗೂ ಏನು ವ್ಯತ್ಯಾಸ ಅಂತ. ಹಿಂದಿನ ಬೆಂಚಿನ ಒಬ್ಬ ಹೇಳಿದ, ‘ಸಾರ್, ಅಲ್ಲಿ ರಾಮ ವಾಪಸ್ ಬರೋನಿದ್ದ.’

ಯೂಮೆನೆಸ್ ಬಳಿ ‘ಬೆಳ್ಳಿ ಗುರಾಣಿಯವರು’ ಅಂತ 3 ಸಾವಿರ ಕಾಲಾಳು ಇದ್ದರು. ಫಿಲಿಪ್ ಕಾಲದಿಂದ ಯುದ್ಧ ಮಾಡಿದವರು. ಅವರಲ್ಲಿ ಚಿಕ್ಕವನಿಗೇ 60, ಬಹಳಷ್ಟು ಜನಕ್ಕೆ 70. ಸೋಲು ಅಂದರೇನು ಗೊತ್ತಿಲ್ಲ. ಕ್ರಿ.ಪೂ. 316ರ ಸುಮಾರಿಗೆ ಇರಾನಿನ ಗಬಿಯೇನೆ ಬಯಲಲ್ಲಿ ಆಂಟಿಗೋನಸ್ ಎದುರು ನಿಂತರು. ಉಪ್ಪುನೆಲ, ಮೇಲೆದ್ದ ಧೂಳಿಗೆ ಏನೂ ಕಾಣದು. ಈ ಮುದುಕರು ಎದುರಿನ ಕಾಲಾಳನ್ನು ಚಿಂದಿ ಮಾಡಿದರು. ಆದರೆ ಅದೇ ಧೂಳಿನ ಮರೆಯಲ್ಲಿ ಆಂಟಿಗೋನಸ್‌ನ ಕುದುರೆಯವರು ಹಿಂದಿನ ಬಿಡಾರಕ್ಕೆ ನುಗ್ಗಿ ಇವರ ಹೆಂಡತಿ, ಮಕ್ಕಳು, ಮೂವತ್ತು ವರ್ಷ ಕೂಡಿಟ್ಟ ಲೂಟಿಯ ಗಂಟು ಎಲ್ಲ ಹೊತ್ತುಕೊಂಡು ಹೋದರು. ‘ನಿಮ್ಮ ಸೇನಾಪತಿಯನ್ನು ಒಪ್ಪಿಸಿ, ಗಂಟು ತಗೊಳ್ಳಿ.’ ಒಪ್ಪಿಸಿಬಿಟ್ಟರು. ಯೂಮೆನೆಸ್‌ನ ಕತೆ ಮುಗಿಯಿತು. ಆಂಟಿಗೋನಸ್ ಆ ಮುದುಕರನ್ನೂ ನಂಬಲಿಲ್ಲ, ಕಂದಹಾರ್ ಕಡೆಗೆ ಅಟ್ಟಿ, ಒಬ್ಬರೂ ಊರಿಗೆ ವಾಪಸ್ ಬರದ ಹಾಗೆ ಸವೆಸಿಬಿಡಿ ಅಂತ ಅಲ್ಲಿನ ಅಧಿಕಾರಿಗೆ ಹೇಳಿ ಕಳಿಸಿದ.

ನೋಡಿ, ನನ್ನ ಉತ್ತರ ಅಂದರೆ ಇದೇ. ಅಲೆಕ್ಸಾಂಡರ್ ಬಿಟ್ಟು ಹೋದದ್ದು ರಾಜ್ಯ ಅಲ್ಲ, ಒಂದು ಸೈನ್ಯ. ಆ ಸೈನ್ಯದ ನಿಷ್ಠೆ ಅವನ ಮುಖಕ್ಕೆ ಇತ್ತು. ಮುಖ ಹೋದ ಮೇಲೆ ಸಂಬಳಕ್ಕೆ ಮತ್ತು ಗಂಟಿಗೆ ಬಂತು. ಸಂಬಳ ಕೊಡುವ ಖಜಾನೆ ಏಷ್ಯಾದಲ್ಲಿ ಹತ್ತು ಕಡೆ ಇತ್ತು, ಯಾವ ಖಜಾನೆ ಯಾರ ಕೈಲಿತ್ತೋ ಅವನೇ ಸೇನಾಪತಿ. ರೈತನಿಗೆ, ಕಂದಾಯದ ಗುಮಾಸ್ತನಿಗೆ ಇವರಲ್ಲಿ ಯಾರು ಬಂದರೂ ಒಂದೇ. ಬಾಕ್ಟ್ರಿಯಾದಲ್ಲಿ, ಅಂದರೆ ಈಗಿನ ಅಫ್ಘಾನಿಸ್ತಾನದ ಉತ್ತರದ ಕಡೆ, ಅಲೆಕ್ಸಾಂಡರ್ ಬಲವಂತವಾಗಿ ನೆಲೆಗೊಳಿಸಿದ್ದ 20 ಸಾವಿರಕ್ಕೂ ಜಾಸ್ತಿ ಗ್ರೀಕರು, ಅವನು ಸತ್ತ ಸುದ್ದಿ ಮುಟ್ಟಿದ್ದೇ ಗಂಟುಮೂಟೆ ಕಟ್ಟಿ ಊರ ದಾರಿ ಹಿಡಿದಿದ್ದರು. ಅವರನ್ನು ಸುತ್ತುವರಿದು ಕೊಂದರು, ಆ ಮಾತು ಬೇರೆ.

ಇನ್ನು ಆ ಮಕ್ಕಳ ಗತಿ. ಅರ್ಹಿಡೇಯಸ್‌ನನ್ನು ಒಲಿಂಪಿಯಾಸ್ ಕೊಲ್ಲಿಸಿದಳು. ಅವಳನ್ನು ಆಂಟಿಪೇಟರ್‌ನ ಮಗ ಕಸ್ಸಾಂಡರ್ ಕೊಲ್ಲಿಸಿದ. 311ರಲ್ಲಿ ಎಲ್ಲರೂ ಕೂತು ಒಪ್ಪಂದ ಮಾಡಿಕೊಂಡರು. ರೊಕ್ಸಾನಾಳ ಮಗ ದೊಡ್ಡವನಾಗುವ ತನಕ ಯುರೋಪಿನ ಉಸ್ತುವಾರಿ ಕಸ್ಸಾಂಡರ್‌ನದು ಅಂತ. ಒಪ್ಪಂದವೇ ಆ ಹುಡುಗನಿಗೆ ಮರಣಪತ್ರ. ‘ದೊಡ್ಡವನಾಗುವ ತನಕ’ ಅಂದರೆ ದೊಡ್ಡವನಾಗಬಾರದು ಅಂತ ತಾನೇ? ಒಂದೆರಡು ವರ್ಷದಲ್ಲೇ ಸದ್ದಿಲ್ಲದೆ ತಾಯಿ ಮಗ ಇಬ್ಬರನ್ನೂ ಮುಗಿಸಿದ. ಹುಡುಗನಿಗೆ ಹನ್ನೆರಡು ಹದಿಮೂರು ವರ್ಷ. ಉಳಿದವರು ಒಬ್ಬರೂ ತಕರಾರು ಎತ್ತಲಿಲ್ಲ. ಈಜಿಪ್ಟಿನಲ್ಲಿ ಆಮೇಲೂ ಸುಮಾರು ಐದು ವರ್ಷ ದಸ್ತಾವೇಜುಗಳ ಮೇಲೆ ಆ ಸತ್ತ ಹುಡುಗನ ಆಳ್ವಿಕೆಯ ವರ್ಷವನ್ನೇ ಬರೆಯುತ್ತಿದ್ದರು. ಕೊನೆಗೆ 306ರಲ್ಲಿ ಆಂಟಿಗೋನಸ್ ಮತ್ತು ಅವನ ಮಗ ಡೆಮೆಟ್ರಿಯಸ್ ಕಿರೀಟ ಇಟ್ಟುಕೊಂಡರು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಇಟ್ಟುಕೊಂಡರು.

ಒಬ್ಬನಿಗೇ ಯಾಕೆ ಹಿಡಿಯಲು ಆಗಲಿಲ್ಲ ಅಂದರೆ, ಯಾರ ತಲೆ ಮೇಲೆದ್ದರೂ ಉಳಿದವರೆಲ್ಲ ಸೇರಿ ತುಳಿಯುತ್ತಿದ್ದರು. ಹತ್ತಿರಕ್ಕೆ ಬಂದವನು ಆಂಟಿಗೋನಸ್. ಗಬಿಯೇನೆ ಆದ ಮೇಲೆ ಏಷ್ಯಾವೆಲ್ಲ ಅವನದೇ. ಬ್ಯಾಬಿಲೋನಿನ ಸತ್ರಪನಾಗಿದ್ದ ಇನ್ನೊಬ್ಬ ಸೇನಾಪತಿ ಸೆಲ್ಯೂಕಸ್‌ನನ್ನು ‘ಕಂದಾಯದ ಲೆಕ್ಕ ಕೊಡು’ ಅಂದ. ‘ಇದು ನನ್ನ ದುಡಿಮೆಗೆ ಸಿಕ್ಕ ಪಾಲು, ನಿನಗ್ಯಾಕೆ ಲೆಕ್ಕ’ ಅಂದ ಸೆಲ್ಯೂಕಸ್, ಜೀವಭಯದಿಂದ ಐವತ್ತು ಕುದುರೆ ಸವಾರರ ಜೊತೆ ಟಾಲೆಮಿ ಹತ್ತಿರ ಓಡಿದ. 312ರಲ್ಲಿ ಸುಮಾರು ಸಾವಿರ ಜನರನ್ನಷ್ಟೇ ಕಟ್ಟಿಕೊಂಡು ವಾಪಸ್ ಬಂದು ಬ್ಯಾಬಿಲೋನ್ ಹಿಡಿದ. ಅಲ್ಲಿಂದ ಪೂರ್ವಕ್ಕೆ ಬಂದಾಗ ಸಿಕ್ಕಿದವನು ಚಂದ್ರಗುಪ್ತ ಮೌರ್ಯ. ಸುಮಾರು 303ರಲ್ಲಿ ಒಪ್ಪಂದವಾಯಿತು. ಕಾಬೂಲ್, ಕಂದಹಾರ್ ಕಡೆಯ ಸೀಮೆ ಚಂದ್ರಗುಪ್ತನಿಗೆ, 500 ಆನೆ ಸೆಲ್ಯೂಕಸ್‌ಗೆ. ನಷ್ಟದ ವ್ಯಾಪಾರ ಅನಿಸುತ್ತದೆ ಅಲ್ವಾ? 301ರಲ್ಲಿ ಟರ್ಕಿಯ ಇಪ್ಸಸ್‌ನಲ್ಲಿ ಆಂಟಿಗೋನಸ್ ವಿರುದ್ಧ ಎಲ್ಲರೂ ಒಂದಾದಾಗ ಆ ಆನೆಗಳೇ ಕೆಲಸಕ್ಕೆ ಬಂದವು. ಮಗ ಡೆಮೆಟ್ರಿಯಸ್ ಕುದುರೆ ಸೈನ್ಯದ ಜೊತೆ ಗೆಲುವಿನ ಅಮಲಲ್ಲಿ ದೂರ ಅಟ್ಟಿಸಿಕೊಂಡು ಹೋದ. ವಾಪಸ್ ತಿರುಗಿದರೆ ನಡುವೆ ಆನೆಗಳ ಗೋಡೆ. ಆ ವಾಸನೆಗೆ ಒಗ್ಗದ ಕುದುರೆ ಹತ್ತಿರ ಸುಳಿಯುವುದಿಲ್ಲ. 80 ದಾಟಿದ ಅಪ್ಪ, ‘ಮಗ ಬಂದೇ ಬರುತ್ತಾನೆ’ ಅನ್ನುತ್ತಲೇ ಈಟಿಗಳ ಮಳೆಗೆ ಸತ್ತ.

ಆ ಆನೆಗಳನ್ನು ಕೊಟ್ಟ ಚಂದ್ರಗುಪ್ತನೇ ಕೊನೆಗಾಲಕ್ಕೆ ಭದ್ರಬಾಹು ಮುನಿಗಳ ಜೊತೆ ನಮ್ಮ ಶ್ರವಣಬೆಳಗೊಳಕ್ಕೆ ಬಂದು ಚಿಕ್ಕಬೆಟ್ಟದ ಮೇಲೆ ಸಲ್ಲೇಖನ ಮಾಡಿದ ಅಂತ ಜೈನರ ನಂಬಿಕೆ. ಮುಂದಿನ ಸಲ ಅಲ್ಲಿಗೆ ಹೋದರೆ ಇಪ್ಸಸ್‌ನ ಆನೆಗಳನ್ನೂ ಸುಮ್ನೆ ಒಮ್ಮೆ ನೆನೆಯಿರಿ.

281ರಲ್ಲಿ ಸೆಲ್ಯೂಕಸ್, ಲೈಸಿಮಾಕಸ್‌ನನ್ನು ಕೊಂದ. ಕೆಲವೇ ತಿಂಗಳಲ್ಲಿ ಟಾಲೆಮಿಯ ಮಗನೊಬ್ಬ, ಸೆಲ್ಯೂಕಸ್ ಆಶ್ರಯ ಕೊಟ್ಟು ಸಾಕಿದ್ದವನೇ, ಸೆಲ್ಯೂಕಸ್‌ನನ್ನು ಇರಿದ. ಅಲ್ಲಿಗೆ ಮೊದಲ ತಲೆಮಾರು ಮುಗಿಯಿತು. ಮನೆಯೊಂದು, ಬಾಗಿಲು ಮೂರು: ಆಂಟಿಗೋನಸ್ ವಂಶಕ್ಕೆ ಮ್ಯಾಸಿಡೋನಿಯ, ಸೆಲ್ಯೂಕಸ್ ವಂಶಕ್ಕೆ ಏಷ್ಯಾ, ಟಾಲೆಮಿ ವಂಶಕ್ಕೆ ಈಜಿಪ್ಟ್. ಮೂರನ್ನೂ ಆಮೇಲೆ ರೋಮ್ ನುಂಗಿತು, 168ರಲ್ಲಿ ಒಂದನ್ನು ಸೋಲಿಸಿ, 63ರಲ್ಲಿ ಇನ್ನೊಂದನ್ನು ಮುಗಿಸಿ, 30ರಲ್ಲಿ ಕ್ಲಿಯೋಪಾತ್ರಳ ಜೊತೆ ಮೂರನೆಯದನ್ನು. ಎಲ್ಲಕ್ಕಿಂತ ಹೆಚ್ಚು ಬಾಳಿದ್ದು ‘ನನಗೆ ಇಡೀ ರಾಜ್ಯ ಬೇಡ’ ಅಂದವನ ಪಾಲೇ.

ಕೊನೆಗೆ ಆ ಖಾಲಿ ಕೈ. ವಾಟ್ಸಾಪ್‌ನಲ್ಲಿ ವರ್ಷಕ್ಕೆ ಎರಡು ಸಲವಾದರೂ ನನಗೂ ಬರುತ್ತದೆ. ಹಳೆಯ ಗ್ರೀಕ್, ಲ್ಯಾಟಿನ್ ಚರಿತ್ರೆಕಾರರು ಯಾರೂ ಆ ಮಾತು ಬರೆದಿಲ್ಲ. ಅವನ ಕೈ ಹೊರಗಿರಲಿಲ್ಲ, ಚಿನ್ನದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು. ಟಾಲೆಮಿ ಕದ್ದು ತಂದ ಆ ಪೆಟ್ಟಿಗೆ ಅಲೆಕ್ಸಾಂಡ್ರಿಯ ಊರಿಗೆ ಬಂತು. ಮುಂದೆ ಅದೇ ವಂಶದ ಒಬ್ಬ ಟಾಲೆಮಿ ಚಿನ್ನದ ಪೆಟ್ಟಿಗೆ ಹೊಡೆದುಕೊಂಡು ಹೋದ, ಬದಲಿಗೆ ಉಳಿದದ್ದು ಗಾಜಿನದು. ಕ್ರಿ.ಪೂ. 30ರಲ್ಲಿ ಊರು ಗೆದ್ದ ರೋಮ್‌ನ ಆಗಸ್ಟಸ್ ಬಂದು ಹೆಣ ನೋಡಿ ಹೂವಿಟ್ಟ. ಪಕ್ಕದಲ್ಲೇ ಟಾಲೆಮಿಗಳ ಗೋರಿಯೂ ಇದೆ, ನೋಡುತ್ತೀರಾ ಅಂತ ಕೇಳಿದ್ದಕ್ಕೆ, ‘ನಾನು ರಾಜನನ್ನು ನೋಡಲು ಬಂದೆ, ಹೆಣಗಳನ್ನಲ್ಲ’ ಅಂದನಂತೆ.